ಕನ್ನಡ ಅಂಕಿ ಕಲಿತ ಹೆಡ್‌ಮೇಡಂ

ನಿನ್ನೆ ನಮ್ಮ ಚಿನ್ನಿ ಓಟು ಹಾಕಿ ಬಂದಳು. ಮೊಮ್ಮಗಳಿಗೆ ಹದಿನೆಂಟು ತುಂಬಿ ಇನ್ನೂ ಎರಡು ತಿಂಗಳಾಗಿಲ್ಲ. ಇದು ಈ ದೇಶದ ದೊಡ್ಡ ಚುನಾವಣೆ, ಐರ್ಲೆಂಡಿನ ಪೌರರಿಗೆ ಮಾತ್ರ, ನನಗಿಲ್ಲ. ಹಾಗಾಗಿ ನಾನು ಮತಗಟ್ಟೆಯಾಗಿದ್ದ ಶಾಲೆಯ ಗೇಟಿನ ಹತ್ತಿರ ಕೊಡೆ ಹಿಡಿದು ನಿಂತಿದ್ದೆ. ಒಳಗಿಂದ ಬಂದವಳ ಮುಖ ನೋಡಿ ನಿಂತಲ್ಲೇ ಕುಣಿಯಬೇಕು ಅನ್ನಿಸಿತು, ಮಂಡಿ ಬಿಡಲಿಲ್ಲ ಅಷ್ಟೆ. ಯಾರಿಗೆ ಹಾಕಿದೆ ಎಂದು ಕೇಳಿದೆ. ಯಾವಾಗಲೂ ನನಗೆ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ಅಚ್ಚ ಕನ್ನಡದಲ್ಲಿ, "ಹೇಳಲ್ಲ ಅಜ್ಜಿ" ಅಂದಳು.

ಮನೆಗೆ ಬಂದವಳೇ ಅರ್ಧ ಕೆಜಿ ರವೆಯ ಕೇಸರಿಭಾತು ಮಾಡಿ ಆರು ಮನೆಗೆ ಹಂಚಿದೆ. ಏನು ವಿಶೇಷ, ಹುಡುಗಿ ಪಾಸಾದಳಾ ಎಂದು ಕೇಳಿದರು. ಇಲ್ಲ, ನನ್ನ ಮೊಮ್ಮಗಳು ನಾನು ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ, ಅದಕ್ಕೇ ಎಂದೆ. ಅವರು ಜೊತೆಗೆ ಬಂದಿದ್ದ ನನ್ನ ಮಗಳ ಕಡೆ ನೋಡಿದರು. ಅಮ್ಮ ಬೆಳಿಗ್ಗೆಯಿಂದ ಹೀಗೇ ಇದ್ದಾಳೆ ಎಂದಳು ಅವಳು.

ಆರು ಮನೆಗೆ ಕೊಟ್ಟ ಮೇಲೂ ಒಂದು ಡಬ್ಬಿ ಉಳಿಯಿತು. ಕೈ ರೂಢಿಯ ಮೇಲೆ ಏಳನೆಯದನ್ನೂ ತುಂಬಿಬಿಟ್ಟಿತ್ತು. ನಮ್ಮ ಬೀದಿಯ ತುದಿಯ ಆ ಏಳನೆಯ ಮನೆ ಕಳೆದ ಚಳಿಗಾಲದಿಂದ ಖಾಲಿ ಇದೆ. ಅಲ್ಲಿದ್ದವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹೆಂಗಸಿನ ಹೆಸರು ಮತದಾರರ ಪಟ್ಟಿಯಲ್ಲಿದ್ದರೆ ಸಾಕು, ಬೇರೆಲ್ಲೂ ಇಲ್ಲದಿದ್ದರೂ ನಡೆಯುತ್ತದೆ ಎನ್ನುವುದು ಅವರ ಮಾತು. ನಾನು ಅವರನ್ನು ಹೆಡ್‌ಮೇಡಂ ಎಂದೇ ಕರೆಯುತ್ತಿದ್ದೆ.

ಈ ನೇಸ್ ಊರಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಅವರು ಇಪ್ಪತ್ತು ವರ್ಷಕ್ಕೂ ಮೇಲೆ ಹೆಡ್‌ಮಿಸ್ಟ್ರೆಸ್ ಆಗಿದ್ದರು. ನಾನು ನೋಡುವ ಹೊತ್ತಿಗೆ ನಿವೃತ್ತಿಯಾಗಿ ಬಹಳ ಕಾಲವಾಗಿತ್ತು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಎತ್ತರದ ಆಳು, ಗಂಡಸರು ಹಾಕುವಂಥ ಮಳೆಕೋಟು, ಬಿಳಿ ತುರುಬಿನಲ್ಲಿ ಸಿಕ್ಕಿಸಿದ ಒಂದು ಪೆನ್ಸಿಲ್. ಸೈಕಲ್ಲಿನ ಬುಟ್ಟಿಯಲ್ಲಿ ಯಾವಾಗಲೂ ಮತದಾರರ ಪಟ್ಟಿಗೆ ಹೆಸರು ಸೇರಿಸುವ ಫಾರಂಗಳು, ನೆನೆಯದ ಹಾಗೆ ಬ್ರೆಡ್ಡಿನ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟು. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಚಿಂತಾಮಣಿ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಹದಿನೆಂಟು ವರ್ಷ ಬಿಸಿಯೂಟ ಬೇಯಿಸಿದವಳು, ಹೆಡ್‌ಮಾಸ್ಟರುಗಳನ್ನು ಸಾಕಷ್ಟು ಕಂಡಿದ್ದೇನೆ. ಕೆಲವರು ಹಂಡೆಯ ಹತ್ತಿರ ಬಂದು ಮುಚ್ಚಳ ತೆಗೆದು ನೋಡುತ್ತಾರೆ, ಕೆಲವರು ರಿಜಿಸ್ಟರಿಗೆ ಸಹಿ ಹಾಕಿ ಹೋಗುತ್ತಾರೆ. ಇವರು ಮುಚ್ಚಳ ತೆಗೆದು ನೋಡುವ ಜಾತಿ.

ಮೊದಲ ಸಲ ಬಂದದ್ದು ನಮ್ಮ ಬಾಗಿಲಿಗೆ, ಫಾರಂ ಹಿಡಿದುಕೊಂಡು. ನನ್ನ ಮಗಳು ಇಲ್ಲಿ ನರ್ಸು, ಅಳಿಯಂದಿರು ಔಷಧಿ ಕಾರ್ಖಾನೆಯಲ್ಲಿದ್ದಾರೆ. ಅಳಿಯಂದಿರೇ ಬಾಗಿಲು ತೆಗೆದು, ತಾವು ಗಂಡ ಹೆಂಡತಿ ಇಬ್ಬರೂ ಆಗಲೇ ಹೆಸರು ಸೇರಿಸಿದ್ದೇವೆ ಎಂದರು. ಆಕೆ ಅವರ ಭುಜದ ಮೇಲಿನಿಂದ ಅಡುಗೆಮನೆಯಲ್ಲಿ ನಿಂತಿದ್ದ ನನ್ನನ್ನು ನೋಡಿ, ಆ ಹೆಂಗಸಿನದು ಎಂದು ಕೇಳಿದರು. ಅವರು ನಮ್ಮ ಅತ್ತೆ, ಅವರಿಗೆ ಇಂಗ್ಲಿಷ್ ಬರುವುದಿಲ್ಲ, ಈ ದೇಶದವರಲ್ಲ ಎಂದು ಅಳಿಯಂದಿರು ಹೇಳಿದ್ದು. ಊರಿನ ಆಡಳಿತದ ಕೌನ್ಸಿಲ್ ಚುನಾವಣೆಗೆ ಇಲ್ಲಿ ವಾಸವಾಗಿದ್ದರೆ ಸಾಕು, ಯಾವ ದೇಶದವರಾದರೂ ಓಟು ಹಾಕಬಹುದು ಎಂದು ಆಕೆ ಹೇಳಿದ್ದು. ಮಳೆ ಹೊಯ್ಯುತ್ತಿತ್ತು. ಒಳಗೆ ಬನ್ನಿ ಎಂದರೂ ಬರಲಿಲ್ಲ, ಹೋಗಲೂ ಇಲ್ಲ.

ಅಳಿಯಂದಿರದು ಕೆಟ್ಟ ಮನಸ್ಸಲ್ಲ, ಹೆದರಿಕೆ. ನಾನು ಇಲ್ಲಿರುವುದು ವರ್ಷ ವರ್ಷ ನವೀಕರಿಸುವ ಒಂದು ಕಾರ್ಡಿನ ಮೇಲೆ. ಸರ್ಕಾರದ ಇನ್ನೊಂದು ಕಾಗದದಲ್ಲಿ ನನ್ನ ಹೆಸರು ಬಿದ್ದರೆ ಯಾರಾದರೂ ಏನಾದರೂ ಕೇಳಿಯಾರು ಎಂದು ಅವರ ಚಿಂತೆ. ಹೆಡ್‌ಮೇಡಂ ಎರಡನೇ ಸಲ ಬಂದರು, ಮೂರನೇ ಸಲವೂ ಬಂದರು. ಮೂರನೆಯ ಸಲ ಮನೆಯಲ್ಲಿ ನಾನೊಬ್ಬಳೇ ಇದ್ದೆ. ಅವರು ಫಾರಮ್ಮಿನಲ್ಲಿ ಸಹಿಯ ಜಾಗ ತೋರಿಸಿದರು, ಪೆನ್ನು ಮಾತ್ರ ಕೊಡಲಿಲ್ಲ. ಸುಮ್ಮನೆ ನನ್ನ ಮುಖ ನೋಡುತ್ತಾ ನಿಂತರು. ನಾನೇ ಒಳಗೆ ಹೋಗಿ ಚಿನ್ನಿಯ ಪೆನ್ನು ತಂದು ಸಹಿ ಹಾಕಿದೆ.

ಸಂಜೆ ಗೊತ್ತಾಯಿತು. ಅಳಿಯಂದಿರು ಎಂದೂ ನನಗೆ ದನಿ ಎತ್ತಿದವರಲ್ಲ, ಅವತ್ತೂ ಎತ್ತಲಿಲ್ಲ. "ಅತ್ತೆ, ನಾಳೆ ನಿಮ್ಮ ಕಾರ್ಡ್ ರಿನ್ಯೂ ಆಗ್ದೇ ಇದ್ರೆ ಯಾರನ್ನ ಕೇಳೋದು ನಾವು? ಆಯಮ್ಮ ಬರ್ತಾರಾ ನಿಮ್ ಜೊತೆ ಏರ್‌ಪೋರ್ಟಿಗೆ?"

ನಾಲ್ಕು ದಿನ ಮನೆಯಲ್ಲಿ ಚಮಚದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಕಾರ್ಡು ನವೀಕರಣವಾಗಿ ಅಂಚೆಯಲ್ಲಿ ಬರುವ ತನಕ ನಾನು ಹೊಟ್ಟೆ ತುಂಬ ಉಂಡಿಲ್ಲ. ಬಂದ ದಿನ ಅಳಿಯಂದಿರು ಲಕೋಟೆಯನ್ನು ನನ್ನ ಕೈಗಿಟ್ಟು, ಯಾರೂ ಏನೂ ಕೇಳಲಿಲ್ಲ ನೋಡಿ ಎಂದರು, ತಾವೇ ನನಗೆ ಧೈರ್ಯ ಹೇಳುತ್ತಿದ್ದವರ ಹಾಗೆ.

ಆಮೇಲೆ ಗುರುವಾರ ಗುರುವಾರ ಮಧ್ಯಾಹ್ನ ಹೆಡ್‌ಮೇಡಂ ನಮ್ಮ ಮನೆಗೆ ಬರತೊಡಗಿದರು. ನಾನು ಅಕ್ಕಿರೊಟ್ಟಿ ತಟ್ಟುವುದು, ಅವರು ನನಗೆ ಓಟಿನ ಪಾಠ ಹೇಳುವುದು. ಅಷ್ಟರಲ್ಲಿ ನನಗೆ ಇಂಗ್ಲಿಷ್ ಕೇಳಿದರೆ ತಿಳಿಯುವಷ್ಟು ಬಂದಿತ್ತು, ಆಡಲು ಮಾತ್ರ ಹರಕು. ಇಂಗ್ಲಿಷಿನಲ್ಲಿ ನೀನು, ನೀವು ಎರಡಕ್ಕೂ ಒಂದೇ ಮಾತು. ಆದರೂ ನನ್ನ ಕಿವಿಗೆ ಅವರ ಮಾತು ಅಕ್ಕ ತಂಗಿಗೆ ನೀನು ಅಂದ ಹಾಗೆಯೇ ಕೇಳುತ್ತಿತ್ತು. ಇಲ್ಲಿ ನಮ್ಮ ಹಾಗೆ ಒಂದು ಗುಂಡಿ ಒತ್ತಿ ಬರುವಂತಿಲ್ಲ. ಚೀಟಿಯಲ್ಲಿ ನಿಂತವರೆಲ್ಲರ ಫೋಟೋ ಇರುತ್ತದೆ. ನಿನಗೆ ಹೆಚ್ಚು ಬೇಕಾದವರ ಮುಂದೆ ಒಂದು, ಆಮೇಲಿನವರಿಗೆ ಎರಡು, ಮೂರು ಎಂದು ಪೆನ್ಸಿಲಿನಲ್ಲಿ ಅಂಕಿ ಬರೆಯಬೇಕು. ಮೊದಲನೆಯವರು ಸೋತರೆ ಓಟು ಎರಡನೆಯವರಿಗೆ ಹೋಗುತ್ತದೆ. ಅವರು ಸೇಬು, ಬಾಳೆಹಣ್ಣು, ಕಿತ್ತಳೆ, ದ್ರಾಕ್ಷಿ ಬರೆದು ಚೀಟಿ ಮಾಡಿ ತರುತ್ತಿದ್ದರು. ನಾನು ಬಾಳೆಹಣ್ಣಿಗೆ ಒಂದು ಹಾಕುವುದು, ಮಡಿಸುವುದು, ಸಕ್ಕರೆ ಡಬ್ಬಿಯೊಳಗೆ ಹಾಕುವುದು. ಅದನ್ನು ಅವರು ತೆರೆದು ನೋಡುತ್ತಲೂ ಇರಲಿಲ್ಲ. ಹಾಗಾದರೆ ಸರಿಯೋ ತಪ್ಪೋ ಹೇಗೆ ಗೊತ್ತಾಗುತ್ತದೆ ಎಂದರೆ, ಅದು ನಿನ್ನದು, ನಾನು ಯಾಕೆ ನೋಡಲಿ ಎನ್ನುವರು.

ನಮ್ಮೂರಿನಲ್ಲಿ ಯಾರಿಗೆ ಹಾಕುತ್ತಿದ್ದೆ ಎಂದು ಅವರು ಕೇಳಿದ್ದು ಒಂದೇ ಸಲ. ನಮ್ಮ ಯಜಮಾನರು ಹೇಳಿದ ಗುರುತಿಗೆ, ಅವರು ಹೋದ ಮೇಲೆ ಪಂಚಾಯಿತಿಯವರು ಹೇಳಿದ ಗುರುತಿಗೆ ಎಂದೆ. ನನಗೆ ಸಂತೋಷ ಇದ್ದದ್ದು ಬೆರಳಿನ ಶಾಯಿಯಲ್ಲಿ ಮಾತ್ರ. ಊಟ ಬಡಿಸುವಾಗ ಮಕ್ಕಳಿಗೆಲ್ಲ ತೋರಿಸುತ್ತಿದ್ದೆ. ಹೆಡ್‌ಮೇಡಂ ರೊಟ್ಟಿ ಮುರಿಯುತ್ತಿದ್ದದ್ದು ನಿಂತಿತು. ಅವರ ಅಮ್ಮನೂ ಹಾಗೆಯೇ ಅಂತೆ. ಅಪ್ಪ ಬಾಗಿಲ ತನಕ ಬಂದು ಹೆಸರು ಹೇಳಿ ಕಳಿಸುವುದು, ಅಮ್ಮ ಅದಕ್ಕೇ ಅಂಕಿ ಬರೆದು ಬರುವುದು, ಸಾಯುವ ತನಕ. ಅದಕ್ಕೂ ಹಿಂದೆ ಅವರ ಅಜ್ಜಿ, ಹೆಂಗಸರಿಗೆ ಓಟೇ ಇಲ್ಲದ ಕಾಲದಲ್ಲಿ, ಓಟು ಬೇಕು ಎಂದು ಯಾವುದೋ ಸರ್ಕಾರಿ ಕಟ್ಟಡದ ಗಾಜು ಒಡೆದು ಜೈಲಿಗೆ ಹೋಗಿ ಬಂದವಳು. ಅಜ್ಜಿ ಒಡೆದ ಗಾಜನ್ನು ಅಮ್ಮ ಮತ್ತೆ ಕೂರಿಸಿದಳು ಎಂದು ಹೇಳಿ ಹೆಡ್‌ಮೇಡಂ ಎದ್ದು ಕೈ ತೊಳೆಯಲು ಹೋದರು. ಬಹಳ ಹೊತ್ತು ತೊಳೆದರು.

ಅವರಿಗೆ ಬರೀ ಕಲಿಸಿ ಅಭ್ಯಾಸವಿರಲಿಲ್ಲ, ಕಲಿಯಲೂ ಬೇಕು. ನನ್ನಿಂದ ಕನ್ನಡದ ಅಂಕಿ ಒಂದರಿಂದ ಹತ್ತರ ತನಕ ಬರೆಸಿಕೊಂಡು ಹೋಗಿ ತಮ್ಮ ಫ್ರಿಜ್ಜಿಗೆ ಅಂಟಿಸಿದ್ದರು. ಹಾಲು ತೆಗೆಯುವಾಗೊಮ್ಮೆ ಓದುವುದು. ಏಳು ಯಾವುದು, ಎಂಟು ಯಾವುದು ಎಂದು ಜಗಳವಾಡುತ್ತಿದ್ದರು.

ಅವರ ಹಳೆಯ ವಿದ್ಯಾರ್ಥಿನಿಯರು ಅವರ ಬಗ್ಗೆ ಒಂದು ಕಥೆ ಹೇಳುತ್ತಾರೆ. ಶಾಲೆಯಲ್ಲಿ ಏನೇ ಆಗಲಿ ಗುಟ್ಟಿನ ಓಟು ಹಾಕಿಸುತ್ತಿದ್ದರಂತೆ. ಒಂದು ವರ್ಷ ನಾಯಕಿಯ ಚುನಾವಣೆಯಲ್ಲಿ ಗೆದ್ದವಳು, ಅದೇ ವಾರ ಇವರು ಕೆಲವು ದಿನದ ಮಟ್ಟಿಗೆ ಶಾಲೆಯಿಂದ ಹೊರಗೆ ಹಾಕಿದ್ದ ಹುಡುಗಿ. ಹೆಡ್‌ಮೇಡಂ ಆಕೆಯನ್ನು ಮನೆಯಿಂದ ಕರೆಸಿ, ಎಲ್ಲರ ಮುಂದೆ ಬ್ಯಾಡ್ಜು ಚುಚ್ಚಿ, ಕೈ ಕುಲುಕಿ, ಉಳಿದ ಮೂರು ದಿನದ ಶಿಕ್ಷೆ ಮುಗಿಸಿ ಬಾ ಎಂದು ಮತ್ತೆ ಮನೆಗೆ ಕಳಿಸಿದರಂತೆ.

ಆ ಹುಡುಗಿಯೇ ಮುಂದೆ ನಡುವಯಸ್ಸಿನವಳಾಗಿ ಕೌನ್ಸಿಲ್ ಚುನಾವಣೆಗೆ ನಿಂತಳು. ಹೆಡ್‌ಮೇಡಂ ಅವಳ ಪರವಾಗಿ ಮನೆ ಮನೆ ಅಲೆದರು, ಜೊತೆಗೆ ನಾನು. ಅವರು ಮಾತಾಡುವುದು, ನಾನು ಕಾಗದ ಹಂಚುವುದು. ನನ್ನ ಓಟೂ ಅವಳಿಗೇ ಎಂದು ಬೀದಿಯವರೆಲ್ಲ ತಿಳಿದಿದ್ದರು.

ಆದರೆ ಅವಳ ಎದುರು ನಿಂತವರಲ್ಲಿ ಒಬ್ಬ ಹಾರ್ಡ್‌ವೇರ್ ಅಂಗಡಿಯಾತ ಇದ್ದ. ನಾನು ಈ ಊರಿಗೆ ಬಂದ ಮೊದಲ ತಿಂಗಳಲ್ಲಿ ಒಂದು ಸಂಜೆ ದಾರಿ ತಪ್ಪಿ ಹೆದ್ದಾರಿಯ ಅಂಚಿನಲ್ಲಿ ನಡೆಯುತ್ತಿದ್ದೆ. ಫೋನು ಮನೆಯಲ್ಲಿ, ಇಂಗ್ಲಿಷು ಬಾರದು, ಕಾಲಿಗೆ ಚಪ್ಪಲಿ. ಈತ ಗಾಡಿ ನಿಲ್ಲಿಸಿ, ತನ್ನ ಕೋಟು ಹೊದಿಸಿ, ಒಂದೊಂದೇ ಬಡಾವಣೆಗೆ ಕರೆದುಕೊಂಡು ಹೋಗಿ ಇದಾ, ಇದಾ ಎಂದು ಕೈಸನ್ನೆ ಮಾಡಿ ಕೇಳುತ್ತಾ, ನಮ್ಮ ಮನೆಯ ಕೆಂಪು ಪರದೆ ಕಾಣುವ ತನಕ ಒಂದು ಗಂಟೆ ಸುತ್ತಿಸಿದ. ಮನೆಯವರು ಗಾಬರಿಯಾದಾರು ಎಂದು ನಾನು ಯಾರಿಗೂ ಹೇಳಿರಲಿಲ್ಲ. ಆತನಿಗೂ ನೆನಪಿರಲಿಕ್ಕಿಲ್ಲ. ನನಗೆ ಮರೆಯಲಾಗದು. ನನ್ನ ಮೊದಲ ಅಂಕಿ ಆತನಿಗೆ, ಎರಡನೆಯದು ಹೆಡ್‌ಮೇಡಂ ಶಿಷ್ಯೆಗೆ ಎಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ. ಹೆಡ್‌ಮೇಡಂ ಮುಖ ನೋಡಿದಾಗೆಲ್ಲ ಕಳ್ಳತನ ಮಾಡಿದ ಹಾಗೆ ಆಗುತ್ತಿತ್ತು.

ಓಟಿನ ದಿನ ಚೀಟಿ ಕೊಟ್ಟವರ ಮುಂದೆ ರೂಢಿಯಂತೆ ಎಡಗೈ ಬೆರಳು ಚಾಚಿದೆ. ಶಾಯಿ ಇಲ್ಲ, ಅವರಿಗೆ ಅರ್ಥವೂ ಆಗಲಿಲ್ಲ. ಅಲ್ಲಿಗೇ ಅರ್ಧ ಪಾಠ ಮರೆತೆ. ಮರೆಗೆ ಹೋಗಿ ದಾರಕ್ಕೆ ಕಟ್ಟಿದ್ದ ಪೆನ್ಸಿಲ್ ಹಿಡಿದೆ. ಬೆನ್ನ ಹಿಂದೆ ಯಾರೂ ಇಲ್ಲ, ಹೆಸರು ಹೇಳಿ ಕಳಿಸಿದವರಿಲ್ಲ. ಬರೆದೆ, ಮಡಿಸಿದೆ, ಹಾಕಿದೆ. ಗೇಟಿನ ಹತ್ತಿರ ಹೆಡ್‌ಮೇಡಂ ಕಾಯುತ್ತಿದ್ದರು. ಏನೂ ಕೇಳಲಿಲ್ಲ. ಹೇಗಿತ್ತು ಎಂದರು. ಗ್ರ್ಯಾಂಡ್ ಎಂದೆ, ಚೆನ್ನಾಗಿತ್ತು ಎನ್ನಲು ಇಲ್ಲಿಯವರು ಹೇಳುವ ಹಾಗೆ.

ಎಣಿಕೆ ಒಂದು ಆಟದ ಹಾಲಿನಲ್ಲಿ, ಎರಡು ದಿನ. ಹೆಡ್‌ಮೇಡಂ ಶಿಷ್ಯೆಯ ಏಜೆಂಟು; ನನಗೂ ಒಂದು ಪಾಸು ಮಾಡಿಸಿದ್ದರು. ಇಲ್ಲಿ ಎಣಿಸುವವರ ಮೇಜಿನ ಸುತ್ತ ಒಂದು ಕಂಬಿ ಇರುತ್ತದೆ. ಎಲ್ಲ ಕಡೆಯವರೂ ಅದಕ್ಕೆ ಆತುಕೊಂಡು ಬಗ್ಗಿ, ಬಿಚ್ಚುತ್ತಿರುವ ಒಂದೊಂದು ಚೀಟಿಯನ್ನೂ ಕಣ್ಣಲ್ಲೇ ಓದಿ ಲೆಕ್ಕಕ್ಕೆ ಗೆರೆ ಹಾಕಿಕೊಳ್ಳುತ್ತಾರೆ. ಒಂದೇ ಕ್ಷೇತ್ರಕ್ಕೆ ಹಲವು ಸೀಟು ಇಲ್ಲಿ. ಎರಡನೇ ದಿನ ಮಧ್ಯಾಹ್ನಕ್ಕೆ ಉಳಿದದ್ದು ಒಂದೇ ಸೀಟು, ಇಬ್ಬರೇ ಜನ. ಶಿಷ್ಯೆ ಮತ್ತು ಅಂಗಡಿಯಾತ. ಆತ ಎರಡು ಓಟು ಮುಂದಿದ್ದ. ಮರು ಎಣಿಕೆ ಕೇಳಿದರು. ಮೊದಲ ದಿನ ಕೆಟ್ಟ ಓಟೆಂದು ತೆಗೆದಿಟ್ಟಿದ್ದ ಚೀಟಿಗಳನ್ನು ಅಧಿಕಾರಿ ಮತ್ತೆ ಒಂದೊಂದಾಗಿ ಎತ್ತಿ ಎರಡೂ ಕಡೆಯವರಿಗೆ ತೋರಿಸತೊಡಗಿದರು. ಒಂದರಲ್ಲಿ ಬರೀ ಬೈಗುಳ, ಒಂದರಲ್ಲಿ ಎಲ್ಲರಿಗೂ ಗೀಟು. ಆಮೇಲೆ ಇನ್ನೊಂದು ಎತ್ತಿದರು.

ಅದರ ಮೇಲೆ ನನ್ನ ಕೈಬರಹ ಇತ್ತು. ೧, ೨, ೩, ೪.

ಫೋನು ಒತ್ತುವಾಗ ಇಂಗ್ಲಿಷ್ ಅಂಕಿ, ಹಣ್ಣಿನ ಚೀಟಿಯಲ್ಲೂ ನೋಡಿಕೊಂಡು ಇಂಗ್ಲಿಷ್ ಅಂಕಿ. ಆ ಮರೆಯೊಳಗೆ ಒಬ್ಬಳೇ ನಿಂತಾಗ ಮಾತ್ರ ಕೈ ತಾನು ನಾಲ್ಕನೇ ಕ್ಲಾಸಿನಲ್ಲಿ ಕಲಿತದ್ದನ್ನು ಬರೆದುಬಿಟ್ಟಿತ್ತು.

ಇದರಲ್ಲಿ ಒಂದು ಎನ್ನುವುದೇ ಇಲ್ಲ, ಅಂಗಡಿಯಾತನ ಮುಂದೆ ಸೊನ್ನೆಯಂಥದ್ದಿದೆ ಎಂದು ಅಧಿಕಾರಿ ಹೇಳಿದ್ದು ನನಗೂ ತಿಳಿಯಿತು. ಅಂಗಡಿಯಾತನ ಕಡೆಯವರಿಗೂ ಏನೂ ಹೊಳೆಯಲಿಲ್ಲ. ಕೂಗಿ ಹೇಳೋಣವೆಂದರೆ ಓಟು ನನ್ನದೆಂದು ಎಲ್ಲರಿಗೂ ಗೊತ್ತಾಗುತ್ತದೆ. ಯಾರದೆಂದು ಗೊತ್ತಾದ ಓಟು ಲೆಕ್ಕಕ್ಕಿಲ್ಲ ಎಂದು ಹೆಡ್‌ಮೇಡಮ್ಮೇ ಪಾಠ ಹೇಳಿದ್ದರು. ಸುಮ್ಮನಿದ್ದರೆ ನನ್ನ ಜೀವಮಾನದಲ್ಲಿ ನಾನೇ ಯೋಚಿಸಿ ಹಾಕಿದ ಒಂದೇ ಒಂದು ಓಟು ಕಸಕ್ಕೆ ಹೋಗುತ್ತದೆ.

ಹೆಡ್‌ಮೇಡಂ ನನ್ನ ಮುಂದೆಯೇ ಇದ್ದರು. ಆ ಚೀಟಿಯನ್ನು ನೋಡುತ್ತಿದ್ದರು. ಅವರ ಬೆನ್ನು ನೋಡಿದರೆ ಸಾಕು, ಓದಿಕೊಂಡರು ಎಂದು ನನಗೆ ಗೊತ್ತಾಯಿತು. ನಾನು ನಾಲ್ಕು ಸಲ ಉಸಿರೆಳೆಯುವಷ್ಟು ಹೊತ್ತು ಅವರು ಏನೂ ಹೇಳಲಿಲ್ಲ. ಅಧಿಕಾರಿಯ ಕೈ ಕೆಟ್ಟ ಓಟಿನ ಗುಡ್ಡೆಯ ಕಡೆ ಹೊರಟಿತು.

"ಅದು ಒಂದು," ಎಂದರು ಹೆಡ್‌ಮೇಡಂ.

ಶಿಷ್ಯೆ ಅವರ ತೋಳು ಹಿಡಿದು, ಮಿಸ್, ಬೇಡ ಎಂದು ಪಿಸುಗುಟ್ಟಿದಳು. ಅವರು ತೋಳು ಬಿಡಿಸಿಕೊಳ್ಳಲಿಲ್ಲ, ಮಾತೂ ನಿಲ್ಲಿಸಲಿಲ್ಲ. ಇದು ಕನ್ನಡದ ಒಂದು, ಇದು ಎರಡು, ಇದು ಮೂರು, ಇದು ನಾಲ್ಕು ಎಂದು ಬೆರಳಿಟ್ಟು ತೋರಿಸಿದರು. ಯಾರೋ ಫೋನಿನಲ್ಲಿ ಹುಡುಕಿ ಅಂಕಿಗಳನ್ನು ಅಧಿಕಾರಿಗೆ ತೋರಿಸಿದರು, ಹೋಲಿಸಿ ನೋಡಿದರು, ಹೌದು. ಆಗ ಶಿಷ್ಯೆಯ ಕಡೆಯ ಇನ್ನೊಬ್ಬ ಒಂದು ತಕರಾರು ತೆಗೆದ. ಈ ಊರಿನಲ್ಲಿ ಇದನ್ನು ಬರೆಯಬಲ್ಲವರು ಎಷ್ಟು ಜನ, ಹಾಕಿದವರು ಯಾರೆಂದು ಗೊತ್ತಾಗುವ ಓಟು ನಿಯಮದ ಪ್ರಕಾರ ಕೆಟ್ಟ ಓಟು ಎಂದ. ಅಧಿಕಾರಿ ತಲೆ ಎತ್ತಿ ಸುತ್ತ ನೋಡಿದರು. ಇಡೀ ಹಾಲಿನಲ್ಲಿ ಸೀರೆ ಉಟ್ಟವಳು ನಾನೊಬ್ಬಳೇ.

ಹೆಡ್‌ಮೇಡಂ ಹಿಂತಿರುಗಿ ನನ್ನನ್ನು ನೋಡಲಿಲ್ಲ. ತುರುಬಿನ ಪೆನ್ಸಿಲ್ ಎಳೆದು, ತಮ್ಮ ಕೈಯಲ್ಲಿದ್ದ ಕಾಗದದ ಮೇಲೆ ೧ರಿಂದ ೧೦ರ ತನಕ ಬರೆದು ಮೇಜಿನ ಮೇಲಿಟ್ಟರು.

"ನನಗೂ ಬರೆಯಲು ಬರುತ್ತದೆ. ಇದು ನನ್ನ ಓಟೂ ಆಗಿರಬಹುದಲ್ಲ?"

ಸ್ವಂತ ಶಿಷ್ಯೆಯ ಏಜೆಂಟು, ಎದುರಾಳಿಗೆ ಹಾಕಿದವಳು ನಾನೇ ಇರಬಹುದು ಎನ್ನುತ್ತಿದ್ದಾರೆ. ಅಧಿಕಾರಿ ಚೀಟಿಯನ್ನು ಅಂಗಡಿಯಾತನ ಕಟ್ಟಿಗೆ ಸೇರಿಸಿದರು. ಶಿಷ್ಯೆ ತೋಳು ಬಿಟ್ಟು ದೂರ ಹೋಗಿ ನಿಂತಳು.

ಕೊನೆಗೆ ಆತ ಗೆದ್ದದ್ದು ನಾಲ್ಕು ಓಟಿನಲ್ಲಿ. ನನ್ನದು ಇಲ್ಲದಿದ್ದರೂ ಗೆಲ್ಲುತ್ತಿದ್ದ. ಆದರೆ ಆ ಹೊತ್ತಿನಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಶಿಷ್ಯೆ ಎಂಟು ತಿಂಗಳು ಅವರ ಮನೆಯ ಕಡೆ ತಲೆ ಹಾಕಲಿಲ್ಲ. ಆಮೇಲೆ ಬಂದಳು; ಕಳೆದ ಚಳಿಗಾಲ ಹೆಡ್‌ಮೇಡಂ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಮುಂದಿದ್ದವಳು ಅವಳೇ.

ಎಣಿಕೆ ಮುಗಿದ ಮೇಲಿನ ಗುರುವಾರ ಹೆಡ್‌ಮೇಡಂ ನಮ್ಮ ಮನೆಗೆ ಬರಲಿಲ್ಲ. ಹಿಟ್ಟು ಕಲಸಿಟ್ಟು ಕಾದೆ. ಕಿಟಕಿಯಲ್ಲಿ ನೋಡಿದರೆ ಸೈಕಲ್ಲು ಅವರ ಗೋಡೆಗೆ ಒರಗಿಕೊಂಡೇ ಇತ್ತು. ನಾನು ಹಾಕಿದ್ದು ಗೊತ್ತಾಗಿ ಮನಸ್ಸು ಮುರಿಯಿತು, ನನ್ನಿಂದ ಶಿಷ್ಯೆಯನ್ನೂ ಕಳೆದುಕೊಂಡರು, ಇನ್ನು ಈ ಹೊಸ್ತಿಲು ತುಳಿಯುವುದಿಲ್ಲ ಎಂದುಕೊಂಡೆ. ಮನೆಯಲ್ಲಿ ಯಾರಿಗೆ ಹೇಳಲಿ. ಅಳಿಯಂದಿರು ಒಂದು ದಿನ ತಾವಾಗಿಯೇ, ಯಾಕೆ ಅತ್ತೆ ಮೇಡಂ ಬರಲಿಲ್ಲ ಎಂದು ಕೇಳಿದರು. ಹುಷಾರಿಲ್ಲವಂತೆ ಎಂದೆ.

ಮುಂದಿನ ವಾರ, ತಡೆಯಲಾರದೆ, ನಾಲ್ಕು ರೊಟ್ಟಿ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಅವರ ಬಾಗಿಲು ಬಡಿದೆ. ಮಳೆಕೋಟಿಲ್ಲದೆ, ಪೆನ್ಸಿಲಿಲ್ಲದೆ, ಕೂದಲು ಬಿಟ್ಟುಕೊಂಡು ಬಾಗಿಲು ತೆಗೆದರು. ಎಷ್ಟು ಮುದುಕಿ ಎಂದು ಅವತ್ತು ಗೊತ್ತಾಯಿತು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ನನ್ನ ಹರಕು ಇಂಗ್ಲಿಷಿನಲ್ಲಿ, ಆ ಕಾಗದ ನನ್ನದು, ಆ ಮನುಷ್ಯ ಒಮ್ಮೆ ನನ್ನನ್ನು, ಎಂದು ಶುರು ಮಾಡಿದೆ. ಅವರು ಕೈ ಅಡ್ಡ ಹಿಡಿದರು.

"ಅದಕ್ಕೆ ನೀನು ನನಗೆ ಕಾರಣ ಹೇಳಬೇಕಾಗಿಲ್ಲ. ಹೇಳಬೇಕಾದವಳು ನಾನು. ನಾನು ಎಷ್ಟು ಹೊತ್ತು ಸುಮ್ಮನಿದ್ದೆ, ನೋಡಿದೆಯಾ?"

ನೋಡಿದೆ ಎಂದೆ. ಸುಳ್ಳು ಹೇಳಲು ಬರಲಿಲ್ಲ.

"ಓದಿದ ತಕ್ಷಣ ಗೊತ್ತಾಯಿತು. ಆದರೂ ಸುಮ್ಮನಿದ್ದೆ. ಆ ಅಂಕಿ ಕಲಿಯದೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಐವತ್ತು ವರ್ಷ ಬೇರೆಯವರಿಗೆ ಪಾಠ ಹೇಳಿದವಳು ನಾನು. ಹತ್ತು ದಿನದಿಂದ ನಿನಗೆ ಮುಖ ತೋರಿಸಲು ನಾಚಿಕೆ."

ಹೇಳಲು ನನ್ನಲ್ಲಿ ಬಹಳ ಇತ್ತು, ಇಂಗ್ಲಿಷು ಇರಲಿಲ್ಲ. ಕನ್ನಡದಲ್ಲೇ ಹೇಳಿದೆ, "ನೀವು ಹೇಳಿದ್ರಲ್ಲ ಮೇಡಂ. ಹೇಳ್ದೇ ಹೋಗ್ಲಿಲ್ವಲ್ಲ." ಎಷ್ಟು ತಿಳಿಯಿತೋ ಗೊತ್ತಿಲ್ಲ. ಕಣ್ಣು ಒರೆಸಿಕೊಂಡು, ಬಟ್ಟೆಯ ಮೇಲೆ ಕೈಯಿಟ್ಟು ರೊಟ್ಟಿ ಇನ್ನೂ ಬಿಸಿ ಇದೆಯಾ ನೋಡಿದರು. ಆಮೇಲೆ, ಜೀವಮಾನದಲ್ಲಿ ಯಾರ ಬಾಗಿಲಿಗೂ ಕೇಳಿ ಹೋದವರಲ್ಲದ ಆ ಹೆಂಗಸು, ಗುರುವಾರ ನಾನು ಮನೆಗೆ ಬರಬಹುದಾ ಎಂದು ನನ್ನನ್ನು ಕೇಳಿದರು.

ಬನ್ನಿ, ನಾಳೆಯೇ ಗುರುವಾರ ಎಂದೆ.